ಸಲಹೆ, ಆಕ್ಷೇಪಣೆ, ಅರವತ್ತು ದಿನ

ನಮ್ಮ ಮನೆ ಓನರ್ ಅಂಕಲ್ ಹತ್ತಿರ ಒಂದು ನೀಲಿ ಫೈಲಿದೆ. ಅವರು ಎಚ್‌ಎಂಟಿಯಲ್ಲಿದ್ದು ರಿಟೈರ್ ಆದವರು, ಕಾಗದಪತ್ರದ ವಿಷಯದಲ್ಲಿ ವಾಚಿನಷ್ಟೇ ಕರಾರುವಾಕ್ಕು. ಮಲ್ಲೇಶ್ವರದ ಆ ಹಳೇ ಮನೆಯ ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗೆ ಬಂದ ಹೊಸದರಲ್ಲಿ, 2017ರ ಡಿಸೆಂಬರಿನ ಒಂದು ಭಾನುವಾರ, ಆ ಫೈಲು ಹಿಡಿದು ಮೆಟ್ಟಿಲು ಹತ್ತಿ ಬಂದರು. "ನೋಡಮ್ಮ, ನಿನ್ನ ಲ್ಯಾಪ್‌ಟಾಪಲ್ಲಿ ಈ ಮ್ಯಾಪ್ ಸ್ವಲ್ಪ ದೊಡ್ಡದು ಮಾಡಿ ತೋರಿಸ್ತೀಯಾ?"

ಅದು ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2031ರ ಕರಡು. ನವೆಂಬರಿನಲ್ಲಿ ಪ್ರಕಟವಾಗಿತ್ತು. ಸಲಹೆ, ಆಕ್ಷೇಪಣೆ ಏನಿದ್ದರೂ ಅರವತ್ತು ದಿನದೊಳಗೆ ಕೊಡಬೇಕು. ನನಗೋ, ಊರಿಗೊಂದು ಮಹಾಯೋಜನೆ ಅಂತ ಇರುತ್ತೆ ಅನ್ನೋದೇ ಅವತ್ತು ಗೊತ್ತಾಗಿದ್ದು. ಹಳದಿ ಬಣ್ಣ ಮನೆಗಳಿಗೆ, ನೀಲಿ ಅಂಗಡಿ-ಆಫೀಸಿಗೆ, ಹಸಿರು ಪಾರ್ಕಿಗೆ ಅಂತ ಅಂಕಲ್ಲೇ ಹೇಳಿಕೊಟ್ಟರು. ಝೂಮ್ ಮಾಡಿ ಮಾಡಿ ನಮ್ಮ ಕ್ರಾಸು ಹುಡುಕಿದೆವು. ಅವರ ಮನೆ ಹಳದಿಯಲ್ಲೇ ಇತ್ತು. "ಸದ್ಯ" ಅಂದರು. ಆದರೂ ಆಕ್ಷೇಪಣೆ ಬರೆಯಲು ಕೂತರು. ಮನೆಗೇನೂ ಆಗಿಲ್ವಲ್ಲ ಅಂಕಲ್ ಅಂದದ್ದಕ್ಕೆ, "ಕೇಳಿದಾರಲ್ಲಮ್ಮ, ಕೇಳಿದಾಗ ಹೇಳದೇ ಇದ್ರೆ ಆಮೇಲೆ ಬೈಯೋಕೆ ಬಾಯಿರಲ್ಲ" ಅಂದರು.

ಊರಿನವರನ್ನು ಕೇಳುವುದು ಯಾವಾಗ ಶುರುವಾಯ್ತು ಅನ್ನೋ ಹುಳ ನನ್ನ ತಲೆಗೆ ಬಿಟ್ಟವರು ಹೀಗೆ ಅವರೇ.

ಹಿಂದಕ್ಕೆ ಹೋಗ್ತಾ ಹೋಗ್ತಾ ನಾನು 1881ಕ್ಕೆ ಹೋಗಿ ನಿಂತೆ. ಆ ವರ್ಷ ಮೈಸೂರು ಸಂಸ್ಥಾನ ಬ್ರಿಟಿಷರ ಕೈಯಿಂದ ಮತ್ತೆ ಒಡೆಯರಿಗೆ ಬಂತು. ಕೆಲವೇ ತಿಂಗಳಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಅಕ್ಟೋಬರ್ 7ರಂದು, 144 ಜನ. ದಸರಾಕ್ಕೆ ಹೇಗೂ ಎಲ್ಲ ತಾಲೂಕಿನವರೂ ಮೈಸೂರಿಗೆ ಬರ್ತಾರೆ, ಆಗಲೇ ಕೂರಿಸಿ ಕೇಳೋಣ ಅನ್ನೋ ಲೆಕ್ಕ. ಸರ್ಕಾರ ಏನು ಮಾಡಿದೆ, ಮುಂದೇನು ಮಾಡುತ್ತೆ ಅಂತ ದಿವಾನರು ಓದಿ ಹೇಳುವುದು, ಬಂದವರು ತಮ್ಮ ಸೀಮೆಯ ಬೇಕುಬೇಡಗಳನ್ನು ಮುಂದಿಡುವುದು. ಕಾನೂನು ಮಾಡುವ ಅಧಿಕಾರವಿಲ್ಲ, ಒಪ್ಪಲೇಬೇಕೆಂಬ ಕಟ್ಟೂ ಇಲ್ಲ. ಹೇಳಬಹುದು, ಅಷ್ಟೇ. ಆ ಕಾಲಕ್ಕೆ ಅದೂ ಸಣ್ಣ ಮಾತಲ್ಲ. ಆದರೆ ಕರೆಸಿಕೊಂಡವರು ಯಾರು ಅಂತ ನೋಡಿದರೆ ಜಮೀನಿದ್ದವರು, ವ್ಯಾಪಾರ ಇದ್ದವರು. ಆ ಜಮೀನಲ್ಲಿ ದುಡಿಯುತ್ತಿದ್ದವರಿಗೂ ದಸರಾ ಇತ್ತು, ಸಭೆ ಇರಲಿಲ್ಲ.

ಅದಾಗಿ ಹದಿನೇಳು ವರ್ಷಕ್ಕೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಗಲ್ಲಿಗಳು ಖಾಲಿಯಾದವು. ಆ ಹೊತ್ತಲ್ಲಿ ರೂಪ ತಳೆದ ಬಡಾವಣೆಗಳೇ ಬಸವನಗುಡಿ ಮತ್ತು ನಮ್ಮ ಮಲ್ಲೇಶ್ವರ. ನೇರ ರಸ್ತೆ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲೆಂದು ಸಣ್ಣ ಓಣಿ. ಆ ಓಣಿಗಳನ್ನು ನಾವು ಇವತ್ತೂ ಕನ್ಸರ್ವೆನ್ಸಿ ಲೇನ್ ಅಂತಲೇ ಕರೀತೀವಿ, ಆ ಹೆಸರಿನ ಹಿಂದೆ ಯಾವ ಜಾತಿಯವರ ತಲೆಯ ಮೇಲಿನ ಯಾವ ಹೊರೆ ಇತ್ತು ಅಂತ ಯೋಚಿಸದೆ. ಎಲ್ಲಿ ಏನು ಬರಬೇಕು ಅಂತ ಅಧಿಕಾರಿಗಳು ಗೆರೆ ಎಳೆದರು, ಜನ ಹೋಗಿ ಮನೆ ಕಟ್ಟಿಕೊಂಡರು. ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ, ಆದರೂ ಹೇಳ್ತೀನಿ: ಊರವರ ಸಲಹೆ-ಆಕ್ಷೇಪಣೆಗೆ ಕಾಯದೆ ಮಾಡಿದ ಆ ಬಡಾವಣೆಗಳಲ್ಲೇ ಇವತ್ತು ನಾವೆಲ್ಲ ಬಾಡಿಗೆ ಮನೆಗೆ ಸಾಯೋದು. ನಾಯಂಡಹಳ್ಳಿಗೋ ಮಾರತ್‌ಹಳ್ಳಿಗೋ ಹೋಲಿಸಿದರೆ ಸ್ವರ್ಗ. ಜನರನ್ನು ಕೇಳಿದ ತಕ್ಷಣ ಊರು ಚೆನ್ನಾಗಿ ಬಂದುಬಿಡುತ್ತೆ ಅನ್ನೋಕೆ ನನ್ನಲ್ಲಿ ಪುರಾವೆ ಇಲ್ಲ.

ಕೇಳಲೇಬೇಕು ಅಂತ ಕಾನೂನಾದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ. ಯೋಜನೆಯನ್ನು ಪ್ರಕಟಿಸಬೇಕು, ಸಾರ್ವಜನಿಕರ ಅಭಿಪ್ರಾಯ ಕರೆಯಬೇಕು, ಪರಿಶೀಲಿಸಬೇಕು. ಆಗಿನ ಕಾಲಕ್ಕೆ ನೋಡಿದರೆ ಇದೇನೂ ಹಿಂದೆ ಬಿದ್ದ ಕಾನೂನಲ್ಲ. ಬ್ರಿಟನ್ನಿನಲ್ಲಿ ನಗರ ಯೋಜನೆಯಲ್ಲಿ ಜನರ ಪಾಲು ಎಷ್ಟಿರಬೇಕು ಅಂತ ಸ್ಕೆಫಿಂಗ್ಟನ್ ಸಮಿತಿ ವರದಿ ಕೊಟ್ಟಿದ್ದೇ 1969ರಲ್ಲಿ. ಅದೇ ವರ್ಷ ಅಮೆರಿಕದ ಶೆರಿ ಅರ್ನ್‌ಸ್ಟೈನ್ ಎಂಬಾಕೆ ಒಂದು ಲೇಖನ ಬರೆದರು. ಜನರ ಭಾಗವಹಿಸುವಿಕೆ ಅನ್ನೋದು ಎಂಟು ಮೆಟ್ಟಿಲಿನ ಏಣಿ ಅಂತ ಅವರ ವಾದ. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸುಮ್ಮನೆ ಆಟ ಆಡಿಸುವುದು, ಮೇಲಿನದರಲ್ಲಿ ಅಧಿಕಾರವನ್ನೇ ಅವರ ಕೈಗೆ ಕೊಡುವುದು. ಅಭಿಪ್ರಾಯ ಕೇಳುವುದು ನಾಲ್ಕನೆಯದು. ಅಲ್ಲಿ ನಿಮ್ಮ ಮಾತು ಕಿವಿಗೆ ಬೀಳುತ್ತೆ, ತಲೆಗೆ ಹೋಗಲೇಬೇಕು ಅಂತೇನಿಲ್ಲ.

ಬೆಂಗಳೂರು ಆ ನಾಲ್ಕನೇ ಮೆಟ್ಟಿಲಲ್ಲೇ ತುಂಬಾ ವರ್ಷ ಕೂತಿದೆ. 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಬಂತು. 1984ರಲ್ಲೊಂದು ಯೋಜನೆ, 1995ರಲ್ಲಿ ಅದರ ಪರಿಷ್ಕರಣೆ, 2007ರಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಮಾಡಿದ 2015ರ ಮಹಾಯೋಜನೆ. ಆ ಕೊನೆಯದು ಬಂದ ಮೇಲೆ ಮನೆಗಳ ಬೀದಿಯಲ್ಲಿ ಅಂಗಡಿ, ಪಬ್ಬು ಶುರುವಾದವು ಅಂತ ಕೋರಮಂಗಲ, ಇಂದಿರಾನಗರದ ಕಡೆ ದೊಡ್ಡ ಗಲಾಟೆಯಾಯ್ತು, ಕೋರ್ಟಿನವರೆಗೂ ಹೋಯ್ತು. ನಾನು ವೀಕೆಂಡಿಗೆ ಹೋಗ್ತಿದ್ದದ್ದು ಆ ಪಬ್ಬುಗಳಿಗೇ. ಮೇಲಿನ ಮನೆಯಲ್ಲಿ ಯಾರೋ ಅಜ್ಜಿಗೆ ನಿದ್ದೆ ಬರ್ತಿರಲಿಲ್ಲ ಅಂತ ಯಾರಿಗೆ ಹೊಳೀಬೇಕು.

ಇದರ ನಡುವೆ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂತು. ಮಹಾನಗರದ ಯೋಜನೆ ಮಾಡಲು ಒಂದು ಸಮಿತಿ ಇರಬೇಕು, ಅದರ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ಚುನಾಯಿತ ಪ್ರತಿನಿಧಿಗಳೇ ತಮ್ಮೊಳಗಿಂದ ಆರಿಸಬೇಕು ಅಂತ ಹೇಳಿತು. ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಬೆಂಗಳೂರಿಗೆ ಸಮಿತಿ ಆದದ್ದು 2014ರಲ್ಲಿ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಊರಿಗೆ ಕಾರ್ಪೊರೇಟರೇ ಇರಲಿಲ್ಲ. ಈ ಭಾಗ ಬೋರು ಅಂತ ದಾಟಿಸಬೇಡಿ, ನಿಜವಾದ ಕಥೆ ಇರೋದೇ ಇಲ್ಲಿ. ಇಮೇಲ್ ಕಳಿಸಿ ಅಂತ ಕೇಳುವ ಊರಿನಲ್ಲಿ, ಓಟು ಹಾಕಿ ಕಳಿಸಿದ ಮನುಷ್ಯನ ಬಾಗಿಲು ತಟ್ಟುವ ದಾರಿಯೇ ಮುಚ್ಚಿತ್ತು.

ಹಾಗಾದರೆ ಊರಿನ ಮಾತು ಯಾವತ್ತಾದರೂ ನಡೆದಿದೆಯಾ? ನಡೆದಿದೆ. 2016ರಲ್ಲಿ ಬಸವೇಶ್ವರ ಸರ್ಕಲ್ಲಿನಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟರು. ವೆಚ್ಚ 1,791 ಕೋಟಿ, ಬೀಳಬೇಕಿದ್ದ ಮರಗಳು 812. ಅಭಿಪ್ರಾಯವನ್ನೂ ಕೇಳಿದ್ದರು. ಬಂದದ್ದು ಮುನ್ನೂರರ ಆಸುಪಾಸು ಇಮೇಲು, ಹೆಚ್ಚಿನವು ಸೇತುವೆಯ ಪರವೇ ಇವೆ ಅಂತ ಸರ್ಕಾರದ ಕಡೆಯಿಂದ ಹೇಳಿಕೆ ಬಂತು. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನರಿದ್ದ ಊರು ಇದು! ಅಕ್ಟೋಬರ್ 16ರ ಭಾನುವಾರ ಬೆಳಗ್ಗೆ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಸ್ಟೀಲ್ ಫ್ಲೈಓವರ್ ಬೇಡ ಅನ್ನೋ ಬೋರ್ಡು ಹಿಡಿದು ನಾನೂ ಇದ್ದೆ, ನನ್ನ ಎಡಗಡೆ ಒಬ್ಬರು ಡಾಕ್ಟರು, ಬಲಗಡೆ ಕಾಲೇಜು ಹುಡುಗಿ. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಅವತ್ತು ನಾವು ಆಫೀಸಲ್ಲಿ ಸ್ವೀಟ್ ಹಂಚಿದ್ದೆವು. ಆಮೇಲೆ ಓದುವಾಗ ಆ ಸಿಹಿ ಸ್ವಲ್ಪ ಇಳಿಯಿತು. ಬೇಡ ಅಂದಿದ್ದಕ್ಕೆ ಆರು ತಿಂಗಳೂ ಹಿಡಿಯಲಿಲ್ಲ. ಬೇಕು ಅಂದಿದ್ದರ ಕಥೆ ನೋಡಿ. ಊರಿನ ಒಳಗೇ ಇರುವ ಹಳಿಗಳ ಮೇಲೆ ಲೋಕಲ್ ರೈಲು ಓಡಿಸಿ ಅನ್ನೋ ಮಾತು 1980ರ ದಶಕದ್ದು. ಉಕ್ಕಿನ ಸೇತುವೆ ಬೇಡ ಅಂದ ಗುಂಪಿನವರೇ ಚುಕುಬುಕು ಬೇಕು ಅಂತಲೂ ಕೂಗಿದರು. 148 ಕಿ.ಮೀ.ಗಳ ಆ ಉಪನಗರ ರೈಲಿಗೆ ಶಂಕುಸ್ಥಾಪನೆ ಆದದ್ದು 2022ರ ಜೂನಿನಲ್ಲಿ. ನಾಲ್ಕು ಮಾರ್ಗಕ್ಕೂ ಚೆಂದದ ಹೂವಿನ ಹೆಸರಿಟ್ಟಿದ್ದಾರೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೂವು ಬಿಡೋದು ಯಾವಾಗಲೋ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಲೇನ್ ಮಾಡಿದ್ದರು, ನೆನಪಿದೆಯಾ? ಮೆಟ್ರೋ ಕಾಮಗಾರಿ ಶುರುವಾದಾಗ ಅದು ಹೋಯ್ತು. ಅದಕ್ಕಾಗಿ ಯಾರೂ ಕೈ ಕೈ ಹಿಡಿದು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ, ನಂದು ಆಗ ಆಫೀಸ್ ಕ್ಯಾಬು.

ಅಂಕಲ್ ಆಕ್ಷೇಪಣೆ ಟೈಪ್ ಮಾಡಿದ ದಿನಕ್ಕೆ ವಾಪಸ್ ಬರ್ತೀನಿ. ಅವರು ಹೇಳ್ತಿದ್ದರು, ನಾನು ಬರೀತಿದ್ದೆ. ಫುಟ್‌ಪಾತು, ಓಣಿಗಳ ಒತ್ತುವರಿ, ಮರಗಳು. ಒಟ್ಟು ಎರಡು ಪುಟ. ಅಡುಗೆ ಮಾಡಲು ಬರುವ ಅಕ್ಕ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಅವರು ಲಗ್ಗೆರೆಯವರು. ಯಶವಂತಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮಲ್ಲೇಶ್ವರಕ್ಕೆ ಇನ್ನೊಂದು. ತಮಾಷೆಗೆ ಅಂತ ಕೇಳಿದೆ, "ಅಕ್ಕಾ, ಊರು ಮುಂದೆ ಹೇಗಿರಬೇಕು ಅಂತ ಕೇಳ್ತಿದಾರೆ, ನಿಮ್ಗೇನು ಬೇಕು?"

ಅವರು ತಮಾಷೆ ಮಾಡಲಿಲ್ಲ. "ಬೆಳಗ್ಗೆ ಐದೂವರೆಗೆ ನಮ್ ಕಡೆಯಿಂದ ಒಂದ್ ಬಸ್ ಬಿಡ್ಲಿ ಅಕ್ಕಾ. ಆರೂಕಾಲಿನ್ ಬಸ್ಸಿಗೆ ಬಂದ್ರೆ ಮೊದಲ್ನೇ ಮನೇಲಿ ಲೇಟು ಅಂತ ಬೈತಾರೆ. ಆಟೋಗೆ ಕೊಟ್ರೆ ಉಳಿಯೋದೇನು?"

ನಾನು ಅಂಕಲ್ ಮುಖ ನೋಡಿದೆ, ಅಂಕಲ್ ಸ್ಕ್ರೀನ್ ನೋಡಿದರು. "ಇದು ಜಾಗದ ಬಳಕೆ ಬಗ್ಗೆ ಅಲ್ವೇನಮ್ಮ, ಬಸ್ಸಿನ ಟೈಮಿಂಗು ಬೇರೆ ಇಲಾಖೆ" ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ ಇತ್ತು. ನಾನೂ ತಲೆಯಾಡಿಸಿ ಮುಂದಿನ ಪ್ಯಾರಾಕ್ಕೆ ಹೋದೆ. 2031ಕ್ಕೆ ಊರಿನ ಜನಸಂಖ್ಯೆ ಎರಡು ಕೋಟಿ ದಾಟುತ್ತೆ ಅಂತ ಅಂದಾಜು ಮಾಡಿದ್ದ ಕರಡು ಅದು. ಆ ಎರಡು ಕೋಟಿಯಲ್ಲಿ ನಮ್ಮ ಅಡುಗೆಮನೆಯಲ್ಲೇ ನಿಂತಿದ್ದ ಒಬ್ಬರು ಕೇಳಿದ್ದನ್ನು ಬರೆಯಲು ನಮ್ಮ ಎರಡು ಪುಟದಲ್ಲಿ ಒಂದು ಸಾಲು ಜಾಗವಿರಲಿಲ್ಲ. ರಂಗಾಚಾರ್ಲು ಕರೆದಿದ್ದು ಜಮೀನಿದ್ದವರನ್ನು ಮಾತ್ರ ಅಂತ ನಾನು ಆಮೇಲೆ ಓದಿ ಮೂಗು ಮುರಿದದ್ದು ಇದೇ ಮನೆಯಲ್ಲಿ ಕೂತು.

ಆ ಕರಡಿಗೆ 13 ಸಾವಿರಕ್ಕೂ ಹೆಚ್ಚು ಸಲಹೆ-ಆಕ್ಷೇಪಣೆಗಳು ಬಂದವು. ಆಮೇಲೆ ಸರ್ಕಾರ ಆ ಯೋಜನೆಯನ್ನೇ ಹಿಂದಕ್ಕೆ ತಗೊಂಡಿತು. ಅದರ ಜೊತೆಗೇ ಆ 13 ಸಾವಿರ ಕಾಗದಗಳೂ ಮೂಲೆ ಸೇರಿದವು. 2015ರ ಹೆಸರಿನ ಹಳೇ ಯೋಜನೆಯಲ್ಲೇ ಊರು ವರ್ಷಗಟ್ಟಲೆ ಮುಂದುವರಿಯಿತು. ಒಬ್ಬೊಬ್ಬರೂ ಒಂದೊಂದು ಭಾನುವಾರ ಖರ್ಚು ಮಾಡಿದ್ದಾರೆ ಅಂದುಕೊಂಡರೂ ಎಷ್ಟು ಭಾನುವಾರಗಳಾದವು ಅಂತ ಲೆಕ್ಕ ಹಾಕಿ. ಅದರಲ್ಲಿ ಐದೂವರೆಯ ಬಸ್ಸಿನ ಬಗ್ಗೆ ಯಾರಾದರೂ ಬರೆದಿದ್ದರಾ ಅಂತ ನನಗೆ ಕುತೂಹಲ.

ಕಳೆದ ವರ್ಷ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಸಮೀಕ್ಷೆಯ ಲಿಂಕ್ ಬಂತು. ಹೌದು, ನಾನೀಗ ಮಲ್ಲೇಶ್ವರ ಬಿಟ್ಟಿದ್ದೇನೆ, ಅಡುಗೆ ಅಕ್ಕ ಮಾತ್ರ ಈಗಲೂ ಅವರೇ, ನನಗಾಗಿ ಮತ್ತೂ ಒಂದು ಸ್ಟಾಪು ಮುಂದೆ ಇಳೀತಾರೆ. ನಗರದ ಸಂಚಾರದ ಬಗ್ಗೆ ನಿಮ್ಮ ಅನಿಸಿಕೆ ತಿಳಿಸಿ, ಎರಡೇ ನಿಮಿಷ ಸಾಕು ಅಂತಿತ್ತು. ನೀವು ಹೇಗೆ ಓಡಾಡುತ್ತೀರಿ ಅನ್ನೋದಕ್ಕೆ ಕಾರು, ಬೈಕು, ಕ್ಯಾಬು, ಮೆಟ್ರೋ, ಕೊನೆಗೆ ಇತರೆ. ಈ ಸಲ ಫೋನನ್ನೇ ಅವರ ಮುಂದೆ ಹಿಡಿದೆ. ಕೈಗೆ ಹಿಟ್ಟಾಗಿದೆ, ನೀನೇ ಒತ್ತು ಅಂದರು. ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. "ಈಗ ಫ್ರೀ ಮಾಡಿದಾರಲ್ಲ ಅಕ್ಕಾ, ಇನ್ನೇನು ಬೇಕು?" ಅಂತ ಕೇಳಿದೆ.

"ಫ್ರೀನೇ. ಟೈಮ್ ಅದೇ ಅಲ್ವಾ, ಆರೂಕಾಲು."

ಇತರೆ ಒತ್ತಿದೆ. ಕೆಳಗೊಂದು ಡಬ್ಬಿ ತೆರೆದುಕೊಂಡಿತು, ಇನ್ನೂರು ಅಕ್ಷರ ಮೀರಬಾರದು ಅಂತಿತ್ತು. ಲಗ್ಗೆರೆ, ಬೆಳಗ್ಗೆ 5:30, ಒಂದು ಬಸ್ಸು ಅಂತ ಬರೆದೆ. ಜಾಗ ಇನ್ನೂ ಬೇಕಾದಷ್ಟು ಉಳಿದಿತ್ತು. ಮತ್ತೇನಾದರೂ ಇದೆಯಾ ಅಕ್ಕಾ ಅಂದರೆ, ಒಲೆ ಸಣ್ಣ ಮಾಡಿ ಒಂದು ನಿಮಿಷ ಯೋಚಿಸಿದರು. "ಸ್ಟಾಪಲ್ಲಿ ಲೈಟು ಹಾಕ್ಲಿ. ಕತ್ಲಲ್ವಾ ಆಗ."