ಬಿಟ್ಟು ಹೋಗುವ ಪೈಲಟ್‌ಗಳು: ನೋಟಿಸಿನ ನಿಯಮ ಮತ್ತು ವಿಶ್ರಾಂತಿಯ ನಿಯಮ

ಕನ್ನಡ ಸಾಹಿತ್ಯ ಓದುವವರಿಗೆ ವಿಮಾನದ ವಿಷಯ ಯಾಕೆ ಅಂತ ಕೇಳಬಹುದು. ಹಾಗಾಗಿ ಎರಡು ಪದಗಳಿಂದಲೇ ಶುರು ಮಾಡ್ತೇನೆ. ಕೂಲಿಯವರು ಊರು ಬಿಟ್ಟರೆ ನಾವು ‘ಗುಳೆ’ ಅಂತೇವೆ. ಓದಿದವರು ದೇಶ ಬಿಟ್ಟರೆ ‘ಪ್ರತಿಭಾ ಪಲಾಯನ’ ಅಂತೇವೆ. ಮೊದಲನೆಯದರಲ್ಲಿ ಕಷ್ಟ ಕಾಣಿಸುತ್ತದೆ, ಎರಡನೆಯದರಲ್ಲಿ ತಪ್ಪು. ಪಲಾಯನ ಅಂದರೆ ಓಡಿಹೋಗುವುದು ತಾನೆ? ಭಾರತದ ಪೈಲಟ್‌ಗಳ ಬಗ್ಗೆ ಸರ್ಕಾರ ಮಾಡಿದ ನಿಯಮಗಳಲ್ಲೂ ಈ ಎರಡನೆಯ ದೃಷ್ಟಿಯೇ ಗಟ್ಟಿಯಾಗಿದೆ ಅನ್ನುವುದು ನನ್ನ ವಾದ.

2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿತು. 2005ರಲ್ಲಿ ಕಿಂಗ್‌ಫಿಷರ್, ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ ಬಂದವು. ವಿಮಾನ ಕೊಳ್ಳುವುದು ಸುಲಭ, ಕಮಾಂಡರ್ ತಯಾರಾಗಲು ವರ್ಷಗಳೇ ಬೇಕು. ಅದೇ ಹೊತ್ತಿಗೆ ಕೊಲ್ಲಿಯ ಸಂಸ್ಥೆಗಳೂ ಬೆಳೆಯುತ್ತಿದ್ದವು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ನಮ್ಮವರು ಅತ್ತ ಹೋದರು. ಖಾಲಿ ಜಾಗಕ್ಕೆ ವಿದೇಶಿ ಪೈಲಟ್‌ಗಳು ಇತ್ತ ಬಂದರು.

ಇದಕ್ಕೆ ಸರ್ಕಾರ ಕೊಟ್ಟ ಉತ್ತರವೇನು? ಕೆಲಸ ಬಿಡುವ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು ಅಂತ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2005ರಲ್ಲಿ ನಿಯಮ ಮಾಡಿತು. ಕಾರಣವಾಗಿ ಹೇಳಿದ್ದು ಪ್ರಯಾಣಿಕರ ಹಿತ. 2017ರಲ್ಲಿ ಕಮಾಂಡರ್‌ಗಳಿಗೆ ಅದು ಒಂದು ವರ್ಷವಾಯಿತು.

ಈಗ ವಿಶ್ರಾಂತಿಯ ನಿಯಮದ ಕಥೆ ನೋಡಿ. 1992ರ ಹಳೆಯ ನಿಯಮದ ಬದಲು 2007ರಲ್ಲಿ ಹೊಸದು ಬಂತು. ವಿಮಾನ ಸಂಸ್ಥೆಗಳು ಒಪ್ಪಲಿಲ್ಲ. 2008ರ ಮೇ ತಿಂಗಳಲ್ಲಿ ಅದನ್ನು ತಡೆಹಿಡಿದು, ಮತ್ತೆ 1992ರದ್ದನ್ನೇ ಜಾರಿಗೆ ತಂದರು. ಪೈಲಟ್ ಸಂಘಗಳು ಸುಪ್ರೀಂ ಕೋರ್ಟ್ ತನಕ ಹೋದವು. 2011ರ ಮೇನಲ್ಲಿ ತೀರ್ಪು ಸರ್ಕಾರದ ಪರವಾಗಿಯೇ ಬಂತು.

ಈ ನಡುವೆ 2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗಿನ ಜಾವ ಮಂಗಳೂರಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಹೋದರು. ಅವರಲ್ಲಿ ಅನೇಕರು ನಮ್ಮ ಕಾಸರಗೋಡಿನವರು. ಕ್ಯಾಪ್ಟನ್ ವಿದೇಶಿ, ಸಹ ಪೈಲಟ್ ಭಾರತೀಯ. ಧ್ವನಿಮುದ್ರಿಕೆಯಲ್ಲಿ ಸುಮಾರು 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಇಳಿಯಬೇಡಿ ಅಂತ ಸಹ ಪೈಲಟ್ ಮೂರು ಸಲ ಹೇಳಿದರೂ ಇಳಿಸಿದರು ಅಂತ ತನಿಖಾ ವರದಿ ಹೇಳಿತು. ಕ್ಯಾಪ್ಟನ್ ರಜೆ ಮುಗಿಸಿ ಬಂದು ಕೆಲವೇ ದಿನವಾಗಿತ್ತು. ಹಾಗಾಗಿ ಇಡೀ ದುರಂತವನ್ನು ದುಡಿಮೆಯ ಒತ್ತಡದ ತಲೆಗೆ ಕಟ್ಟೋಕೆ ಬರೋದಿಲ್ಲ. ಆದರೆ ಕಾಕ್‌ಪಿಟ್ಟಿನ ನಿದ್ದೆ ಪೈಲಟ್ ಒಬ್ಬರ ಖಾಸಗಿ ವಿಷಯ ಅಲ್ಲ ಅನ್ನೋದು ಆ ದಿನ ಎಲ್ಲರಿಗೂ ಗೊತ್ತಾಯಿತು. ಹೊಸ ವಿಶ್ರಾಂತಿ ನಿಯಮ ಬಂದದ್ದು 2011ರ ಆಗಸ್ಟಿನಲ್ಲಿ.

ಮುಂದಿನ ದೊಡ್ಡ ಪರಿಷ್ಕರಣೆ 2024ರ ಜನವರಿಯದು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಇಳಿಸುವಿಕೆ ಆರರಿಂದ ಎರಡಕ್ಕೆ ಇಳಿಯಿತು. ಜಾರಿ ಮಾತ್ರ ಮುಂದಕ್ಕೆ ಹೋಗಿ, ದೆಹಲಿ ಹೈಕೋರ್ಟಿನ ಮೆಟ್ಟಿಲೇರಿ, 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಾಗಿ ಬಂತು. ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದಾಗ, ರಾತ್ರಿ ನಿಯಮಗಳಿಂದ ಅದಕ್ಕೆ ತಾತ್ಕಾಲಿಕ ವಿನಾಯಿತಿಯೂ ಸಿಕ್ಕಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೈಲಟ್‌ನನ್ನು ಹಿಡಿದಿಡುವ ನಿಯಮ ಕಾಲ ಕಳೆದಂತೆ ಬಿಗಿಯಾಯಿತು, ಅವನಿಗೆ ನಿದ್ದೆ ಕೊಡುವ ನಿಯಮ ಪ್ರತಿ ಸಲವೂ ತಡವಾಯಿತು. ಎರಡರಲ್ಲೂ ಪ್ರಯಾಣಿಕನ ಹೆಸರಿದೆ. ಆದರೆ ಬೇಸತ್ತವನನ್ನು ಇನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂರಿಸಿದರೆ ಪ್ರಯಾಣಿಕನಿಗೆ ಯಾವ ಹಿತ?

ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರನ್ನು ಯಾರೂ ಪಲಾಯನ ಮಾಡಿದರು ಅನ್ನೋದಿಲ್ಲ. ಇಲ್ಲಿ ಬದುಕು ಸಾಗಲಿಲ್ಲ, ಹೋದರು ಅಂತೇವೆ. ಪೈಲಟ್‌ಗಳ ಬಗ್ಗೆಯೂ ಅದೇ ಮಾತಿನಿಂದ ಚರ್ಚೆ ಶುರುವಾದರೆ, ನಿಯಮ ಮಾಡುವವರ ಮುಂದಿನ ಪ್ರಶ್ನೆ ‘ಹೇಗೆ ತಡೆಯೋದು’ ಅಂತಿರದೆ ‘ಯಾಕೆ ಹೋಗ್ತಿದ್ದಾರೆ’ ಅಂತಿರುತ್ತದೆ.