ನಂಜುಂಡಪ್ಪ ಅಳೆದ ತಾಲ್ಲೂಕುಗಳು

ರಾಯಚೂರು, ಯಾದಗಿರಿ ಕಡೆ ಯಾವ ಧರಣಿಗೆ ಹೋದರೂ ಮನವಿ ಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ನಂಜುಂಡಪ್ಪ ವರದಿಯಂತೆ ಅತ್ಯಂತ ಹಿಂದುಳಿದ ತಾಲ್ಲೂಕಾದ ನಮ್ಮ...’ ತಹಶೀಲ್ದಾರರು ಮನವಿ ತಗೊಳ್ತಾರೆ, ಫೋಟೊ ಆಗುತ್ತದೆ, ನಾವೂ ಸುದ್ದಿ ಕಳಿಸುತ್ತೇವೆ. ನಾನೂ ಹತ್ತಾರು ಸಲ ಆ ಹೆಸರು ಬರೆದಿದ್ದೇನೆ. ಆದರೆ ನಂಜುಂಡಪ್ಪ ಯಾರು, ಅವರು ಹೇಳಿದ್ದಾದರೂ ಏನು ಅಂತ ಓದಿದ್ದು ತಡವಾಗಿಯೇ.

ಡಾ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿ ಆಗಿದ್ದವರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿದ್ದವರು. 2000ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಪ್ರಾದೇಶಿಕ ಅಸಮತೋಲನ ಅಧ್ಯಯನಕ್ಕೆ ಉನ್ನತಾಧಿಕಾರ ಸಮಿತಿ ಮಾಡಿ ಅವರನ್ನೇ ಅಧ್ಯಕ್ಷರನ್ನಾಗಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. 2005ರಲ್ಲಿ ಅವರು ತೀರಿಕೊಂಡರು.

ಅಸಮತೋಲನದ ಕಥೆ ಮಾತ್ರ ಅವರಿಗಿಂತ ಬಹಳ ಹಳೆಯದು. 1956ರಲ್ಲಿ ಒಂದಾದ ರಾಜ್ಯದ ತುಂಡುಗಳು ಸಮನಾಗಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ 1902ರಲ್ಲೇ ಶಿವನಸಮುದ್ರದ ವಿದ್ಯುತ್ ಇತ್ತು, 1913ರಲ್ಲಿ ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ. ಧಾರವಾಡದ ಕಡೆಗೆ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ. ಕಲಬುರಗಿಗೆ 1980ರಲ್ಲಿ. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದ ಹುಡುಗರು ಮುಂದೆ ಓದಬೇಕೆಂದರೆ ಉರ್ದು ಕಲಿತು ಹೈದರಾಬಾದಿಗೆ ಹೋಗಬೇಕಿತ್ತು. ಮೈಸೂರಿನಲ್ಲಿ ಮೊಮ್ಮಗ ಡಿಗ್ರಿ ಮಾಡುವ ಹೊತ್ತಿಗೆ ಇಲ್ಲಿ ಅಜ್ಜನೂ ಹೆಬ್ಬೆಟ್ಟು, ಮೊಮ್ಮಗನೂ ಹೆಬ್ಬೆಟ್ಟು.

ಆದ್ದರಿಂದ ಜಗಳ ಯಾವಾಗಲೂ ‘ಉತ್ತರ – ದಕ್ಷಿಣ’ ಅಂತಲೇ ನಡೆಯುತ್ತಿತ್ತು. ನಂಜುಂಡಪ್ಪ ಮಾಡಿದ ದೊಡ್ಡ ಕೆಲಸವೆಂದರೆ ಜಗಳವನ್ನು ತಾಲ್ಲೂಕಿಗೆ ಇಳಿಸಿದ್ದು. ಆಗ ಇದ್ದ 175 ತಾಲ್ಲೂಕುಗಳನ್ನೂ ಒಂದೇ ಮಾಪನದಲ್ಲಿ ಅಳೆದರು. ಮಾನದಂಡಗಳು 35. ನೀರಾವರಿ ಎಷ್ಟು, ಟ್ರ್ಯಾಕ್ಟರ್ ಎಷ್ಟು ಎಂಬಲ್ಲಿಂದ ಹಿಡಿದು ಬ್ಯಾಂಕ್ ಶಾಖೆ, ಸರ್ವಋತು ರಸ್ತೆ, ಕುಡಿಯುವ ನೀರು, ವೈದ್ಯರು, ಆಸ್ಪತ್ರೆ ಹಾಸಿಗೆ, ಸಾಕ್ಷರತೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆ ಬಿಟ್ಟ ಮಕ್ಕಳೆಷ್ಟು ಎಂಬ ತನಕ. ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡು, ಅದಕ್ಕಿಂತ ಕೆಳಗೆ ಬಂದ ತಾಲ್ಲೂಕು ಹಿಂದುಳಿದದ್ದು ಎಂದರು. ಹೀಗೆ ಬಂದವು 114: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ಎಲ್ಲಕ್ಕಿಂತ ಕೆಳಗಿದ್ದದ್ದು ನಮ್ಮ ದೇವದುರ್ಗ, 0.53. ಅಂದರೆ ರಾಜ್ಯದ ಸರಾಸರಿಯ ಅರ್ಧಕ್ಕಿಂತ ತುಸು ಮೇಲೆ.

114ರಲ್ಲಿ ಉತ್ತರದವು 59, ದಕ್ಷಿಣದವು 55. ಇದನ್ನು ನೋಡಿ ‘ಎರಡೂ ಕಡೆ ಸಮ ಆಯ್ತಲ್ಲ’ ಅನ್ನುವವರಿದ್ದಾರೆ. ತಳದ 39ನ್ನು ನೋಡಿ: 26 ಉತ್ತರದವು, ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗವೊಂದರಲ್ಲೇ. ಹಾಗಂತ ದಕ್ಷಿಣದ ಬಡತನವನ್ನೂ ಅವರು ಮುಚ್ಚಿಡಲಿಲ್ಲ. ಪಾವಗಡ, ಶಿರಾ, ಮಧುಗಿರಿ, ಬಾಗೇಪಲ್ಲಿ ಅದೇ ತಳದ ಪಟ್ಟಿಯಲ್ಲಿವೆ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಯೂ ಇವೆ. ವಿಧಾನಸೌಧಕ್ಕೆ ಹತ್ತಿರ ಇದ್ದ ಮಾತ್ರಕ್ಕೆ ಊರು ಉದ್ಧಾರ ಆಗಲ್ಲ.

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೆ ಹೆಸರುಗಳು. ಸಿಂಧನೂರು ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸಾಲುಸಾಲು ರೈಸ್ ಮಿಲ್. ಅದೂ ಅತ್ಯಂತ ಹಿಂದುಳಿದದ್ದು! ನೆಲದ ತುಂಬ ಕಬ್ಬಿಣದ ಅದಿರು ಇರುವ ಸಂಡೂರು, ಸಿಮೆಂಟ್ ಕಾರ್ಖಾನೆಗಳ ಸೇಡಂ, ಚಿತ್ತಾಪುರ ಕೂಡ ಅದೇ ಸಾಲಿನಲ್ಲಿ. ಉತ್ಪಾದನೆಗೇನೂ ಕೊರತೆ ಇರದ ತಾಲ್ಲೂಕುಗಳಿವು. ಲಾರಿ ತುಂಬಿ ಹೋಗುತ್ತದೆ, ರೈಲು ತುಂಬಿ ಹೋಗುತ್ತದೆ. ಆದರೆ ನಂಜುಂಡಪ್ಪ ಅವರ ಮಾಪನ ಹೋದದ್ದರ ಜೊತೆಗೆ ಉಳಿದದ್ದನ್ನೂ ಎಣಿಸುತ್ತಿತ್ತು: ಊರಲ್ಲಿ ಡಾಕ್ಟರ್ ಉಳಿದರೇ, ಹುಡುಗಿ ಶಾಲೆಯಲ್ಲಿ ಉಳಿದಳೇ. ಬರೀ ನೀರು ಕೊಟ್ಟರೆ, ಬರೀ ಫ್ಯಾಕ್ಟರಿ ಕೊಟ್ಟರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡುವ ಹುಡುಗಿ, ಗುಳೆ ಹೋಗುವ ಅಪ್ಪ-ಅಮ್ಮನ ಹಿಂದೆ ಬೆಂಗಳೂರಿನ ಶೆಡ್ಡಿಗೆ ಹೋಗುವ ಹುಡುಗ, ಇವರ ದುಡಿಮೆಗೆ ಮುಂದೆಯೂ ದಿನಗೂಲಿಗಿಂತ ಹೆಚ್ಚು ಬೆಲೆ ಬರುವುದಿಲ್ಲ. ಹಿಂದುಳಿದ ತಾಲ್ಲೂಕಿಗೆ ಹಣ ಕೊಡುವುದನ್ನು ದಾನ ಅಂದುಕೊಂಡವರು ಈ ಲೆಕ್ಕ ಹಾಕುವುದಿಲ್ಲ.

ಸಮಿತಿ ಕೇಳಿದ್ದು 8 ವರ್ಷಕ್ಕೆ 31,000 ಕೋಟಿ ರೂಪಾಯಿ. ಅದರಲ್ಲಿ 15,000 ಕೋಟಿ ಮಾಮೂಲು ಬಜೆಟ್ಟಿನಿಂದ, 16,000 ಕೋಟಿ ಹೆಚ್ಚುವರಿ. ಹಂಚಿಕೆ ಉತ್ತರಕ್ಕೆ 60, ದಕ್ಷಿಣಕ್ಕೆ 40. ಯಾವ ತಾಲ್ಲೂಕಿಗೆ ಎಷ್ಟು ಅನ್ನುವುದಕ್ಕೂ ಶಾಸಕರ ಪ್ರಭಾವ ಬೇಕಿರಲಿಲ್ಲ. ಯಾರು ಎಷ್ಟು ಹಿಂದಿದ್ದಾರೋ ಆ ಕೊರತೆಯ ಸೂಚ್ಯಂಕವೇ ಪಾಲು ಹೇಳುತ್ತಿತ್ತು. ಕಾಗದದ ಮೇಲೆ ಇಷ್ಟು ನೇರವಾದ ಹಂಚಿಕೆ ನಾನು ಬೇರೆ ನೋಡಿಲ್ಲ.

ವರದಿ ಬಂದದ್ದು 2002ರಲ್ಲಿ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಒಂದನೇ ಕ್ಲಾಸಿಗೆ ಸೇರಿದ ಮಗು ಅಷ್ಟರಲ್ಲಿ ಐದು ದಾಟಿತ್ತು.

ಆಮೇಲೆ 371(ಜೆ) ಬಂತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಸಿಕ್ಕಿತು, ಪ್ರತ್ಯೇಕ ಮಂಡಳಿ ಆಯಿತು. ಇದು ದೊಡ್ಡ ಗೆಲುವೇ. ಆದರೆ ಇದರ ಗೆರೆ ಜಿಲ್ಲೆಯ ಗೆರೆ. ಹರಪನಹಳ್ಳಿಯವರನ್ನು ಕೇಳಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದ ಈ ತಾಲ್ಲೂಕು ನಂಜುಂಡಪ್ಪ ಪಟ್ಟಿಯ ತಳದ 39ರಲ್ಲಿತ್ತು. ಆದರೂ 371(ಜೆ) ಸಿಗಲಿಲ್ಲ. ಹೋರಾಟ ಮಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದ ಮೇಲೆಯೇ ಆ ಸೌಲಭ್ಯ ಬಂದದ್ದು. ಈಗ ಅದು ವಿಜಯನಗರ ಜಿಲ್ಲೆ.

ಇತ್ತ 2002ರ ಅಂಕಿಗಳು ಹಳೆಯದಾಗುತ್ತಾ ಹೋದವು. ಯೋಜನೆಯ ಪರಿಶೀಲನಾ ಸಭೆಗಳಲ್ಲಿ ನಾನು ಕೇಳಿಸಿಕೊಳ್ಳುವುದು ಶೇಕಡಾ ಎಷ್ಟು ಖರ್ಚಾಯಿತು ಎಂಬ ಲೆಕ್ಕ. 0.53 ಇದ್ದದ್ದು ಈಗ ಎಷ್ಟಾಗಿದೆ ಅಂತ ಯಾರೂ ಕೇಳಿದ್ದು ನೆನಪಿಲ್ಲ. ಮಸ್ಕಿ, ಸಿರವಾರದಂಥ ಹೊಸ ತಾಲ್ಲೂಕುಗಳಿಗೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿಯಿಂದ ಹಳ್ಳಿಗಳನ್ನು ತೆಗೆದು ಕಟ್ಟಿದ ಮಸ್ಕಿಯ ನಂಬರ್ ಎಷ್ಟು?

2024ರಲ್ಲಿ ಸರ್ಕಾರ ಇನ್ನೊಬ್ಬ ಅರ್ಥಶಾಸ್ತ್ರಜ್ಞರಾದ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಅಂಥ ಸಮಿತಿಗಳಿಗೆ ಅಂಕಿ ಹೋಗುವುದು ನಮ್ಮ ಶಾಲೆಯ ಹಾಜರಿ ಪುಸ್ತಕದಿಂದ, ನಮ್ಮ ಆಸ್ಪತ್ರೆಯ ರಿಜಿಸ್ಟರಿನಿಂದ. ಗುಳೆ ಹೋದ ಮಗುವಿನ ಹೆಸರಿನ ಮುಂದೆ ಹಾಜರಿ ಬಿದ್ದಿದ್ದರೆ, ಬೆಂಗಳೂರಲ್ಲಿ ಕೂತವರಿಗೆ ಆ ಮಗು ಶಾಲೆಯಲ್ಲೇ ಇದೆ.