ಪ್ಯಾಂಥಿಯನ್, ರೋಮ್
ಈ ದೇಗುಲ ಕ್ರಿ.ಶ. 125ರ ಸುಮಾರಿಗೆ, ಸಾಮ್ರಾಟ ಹೇಡ್ರಿಯನ್‌ನ ಕಾಲದಲ್ಲಿ ಪೂರ್ಣಗೊಂಡಿತು. ಮುಖಮಂಟಪದ ಮೇಲೆ ಕೊರೆದಿರುವ ಹೆಸರು ಮಾತ್ರ ಅಗ್ರಿಪ್ಪನದು. ಅವನು ಇಲ್ಲಿ ಕಟ್ಟಿಸಿದ್ದ ಮೊದಲ ಗುಡಿ ಕ್ರಿ.ಶ. 80ರಲ್ಲಿ ಬೆಂಕಿಗೆ ಆಹುತಿಯಾಗಿತ್ತು.

ಕಟ್ಟಡದ ನಿಜವಾದ ಸೋಜಿಗ ಅದರ ಗುಮ್ಮಟ. ವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳುಗಳಿಲ್ಲ. ಸುಣ್ಣ ಮತ್ತು ಜ್ವಾಲಾಮುಖಿ ಬೂದಿಯ ಕಾಂಕ್ರೀಟಿಗೆ ಕೆಳಗೆ ಭಾರದ ಜಲ್ಲಿ, ಮೇಲೇರಿದಂತೆ ಹಗುರವಾದದ್ದು, ತುದಿಯಲ್ಲಿ ರಂಧ್ರಮಯ ಜ್ವಾಲಾಮುಖಿ ಕಲ್ಲು ಬೆರೆಸಿದರು. ಬುಡದಲ್ಲಿ ಸುಮಾರು 6 ಮೀಟರ್ ಇರುವ ದಪ್ಪ, ನೆತ್ತಿಯ ಬೆಳಕಿಂಡಿಯ ಅಂಚಿನಲ್ಲಿ 1.2 ಮೀಟರಿನಷ್ಟಕ್ಕೆ ಇಳಿಯುತ್ತದೆ. ಆ ಕಿಂಡಿಗೆ ಮುಚ್ಚಳವಿಲ್ಲ. ಒಳಗೆ ಬಿದ್ದ ಮಳೆನೀರು ನೆಲದ ತೂತುಗಳಿಂದ ಹರಿದುಹೋಗುತ್ತದೆ.

ಕ್ರಿ.ಶ. 609ರಲ್ಲಿ ಚರ್ಚ್ ಆದದ್ದರಿಂದ ಕಟ್ಟಡ ಉಳಿಯಿತು. ಆದರೂ 17ನೇ ಶತಮಾನದಲ್ಲಿ ಪೋಪ್ 8ನೇ ಅರ್ಬನ್ ಮುಖಮಂಟಪದ ಕಂಚನ್ನು ಕೀಳಿಸಿ ಕರಗಿಸಿದ.